ಹಾಲು ರೋಗ ತಾಳುವ ರೇಷ್ಮೆ ಹುಳು ತಳಿ ಯಾಕೆ ಸಿಗುತ್ತಿಲ್ಲ? ಉಳಿದ ಹುಳುವನ್ನೇ ಮೊಟ್ಟೆಗೆ ಬಿಟ್ಟರೆ?

ಹುಳುಮನೆ_ಚಿಂತಾಮಣಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ಕಡೆ. ವಿ-1 ಹಿಪ್ಪುನೇರಳೆ ಸೊಪ್ಪು ಇದೆ, ಡಬಲ್ ಹೈಬ್ರಿಡ್ ಹುಳು ಮೇಯಿಸುತ್ತೇವೆ, ಚಾಕಿ (ಎಳೆ ಹುಳು) ಹೊರಗಿನಿಂದ ತರುತ್ತೇವೆ. ಏಪ್ರಿಲ್ ಬೆಳೆ ಹಾಲು ರೋಗಕ್ಕೆ ಹೋಯಿತು. ಅಲ್ಲೊಂದು ಇಲ್ಲೊಂದು ಅಲ್ಲ, ಮುಕ್ಕಾಲು ಪಾಲು.

ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೂ ಹುಳು ಚೆನ್ನಾಗೇ ಮೇಯುತ್ತಿತ್ತು. ಇನ್ನೇನು ಹಣ್ಣಾಗಿ ಗೂಡಿಗೆ ಬರುತ್ತದೆ, ಗೂಡು ಕಟ್ಟಿಸುವ ಚಂದ್ರಿಕೆ ತೆಗೆದು ಬಿಸಿಲಿಗೆ ಹಾಕೋಣ ಅನ್ನುವ ಹೊತ್ತಿಗೆ ಸೊಪ್ಪು ಬಿಟ್ಟು ಸ್ಟ್ಯಾಂಡಿನ ಅಂಚಿಗೆ ಹರಿದು ಬರಲು ಶುರುವಾಯಿತು. ಮೈಯೆಲ್ಲಾ ಗೆಣ್ಣು ಗೆಣ್ಣಾಗಿ ಊದಿ ಹೊಳೆಯುತ್ತಿತ್ತು. ಮುಟ್ಟಿದರೆ ಸಾಕು, ಚರ್ಮ ಕಿತ್ತು ಬೆರಳಿಗೆಲ್ಲಾ ಹಾಲಿನಂಥ ನೀರು. ಆ ನೀರು ಸೋಕಿದ ಸೊಪ್ಪು ತಿಂದ ಹುಳುವೂ ಹೋಯಿತು. ಹಾಕಬೇಕಾದ ಸೊಪ್ಪೆಲ್ಲಾ ಹಾಕಿ ಆಗಿತ್ತು, ಕೂಲಿ ಕೊಟ್ಟಾಗಿತ್ತು.

ನನ್ನ ಪ್ರಶ್ನೆ ಇಷ್ಟೇ. ಭತ್ತದಲ್ಲಿ ಬೆಂಕಿ ರೋಗ ತಾಳುವ ತಳಿ ಇದೆ. ಟೊಮೆಟೊದಲ್ಲಿ ಎಲೆ ಮುದುಡು ರೋಗ ತಾಳುವ ಬೀಜ ಅಂಗಡಿಯಲ್ಲೇ ಸಿಗುತ್ತದೆ. ಹುಳುವಿನಲ್ಲಿ ಯಾಕೆ ಇಲ್ಲ? ನಮ್ಮ ತಾತ ಮೈಸೂರು ತಳಿ ಮೇಯಿಸುತ್ತಿದ್ದರು, ಬಿದಿರು ತಟ್ಟೆ, ಸಗಣಿ ಸಾರಿಸಿದ ಮನೆ, ಏಸಿ ಇಲ್ಲ ಕೂಲರ್ ಇಲ್ಲ. ಬೆಳೆ ಬರುತ್ತಿತ್ತು.

ಇನ್ನೊಂದು. ನಮ್ಮ ಮನೆಯಲ್ಲಿ ಅಷ್ಟು ರೋಗದ ಮಧ್ಯೆಯೂ ಕಾಲು ಭಾಗ ಹುಳು ಗೂಡು ಕಟ್ಟಿದೆ. ಅದೇ ಸ್ಟ್ಯಾಂಡು, ಅದೇ ಸೊಪ್ಪು. ಅವಕ್ಕೆ ತಾಳುವ ಶಕ್ತಿ ಇದ್ದದ್ದಕ್ಕೇ ಅಲ್ವಾ ಬದುಕಿದ್ದು? ಆ ಗೂಡನ್ನು ಮಾರದೆ ಚಿಟ್ಟೆ ಬರಿಸಿ ಮೊಟ್ಟೆ ಇಡಿಸಿದರೆ ನಮ್ಮದೇ ಒಂದು ಗಟ್ಟಿ ತಳಿ ಆಗುವುದಿಲ್ವಾ? ಗೊತ್ತಿದ್ದವರು ಹೇಳಿ.

ಕೋಠಿ_ಹಳಬ:

ಗೌಡ್ರೇ, ಬೆಳೆ ಹೋಗಿದ್ದು ಕೇಳಿ ಬೇಜಾರಾಯಿತು. ನಾನು ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಕಡೆ, ಬಹಳ ವರ್ಷ ಕೆಲಸ ಮಾಡಿದವನು, ಅದಕ್ಕೇ ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ದಯವಿಟ್ಟು ಆ ಗೂಡನ್ನು ಮೊಟ್ಟೆಗೆ ಬಿಡಬೇಡಿ. ಮಾರಿಬಿಡಿ.

ನಿಮ್ಮ ಯೋಚನೆ ತಪ್ಪು ಅಂತ ಅಲ್ಲ. ರೋಗದಲ್ಲಿ ಉಳಿದದ್ದನ್ನು ಆರಿಸಿ ಬೆಳೆಸುವುದೇ ತಳಿ ಕೆಲಸದ ಮೂಲ. ಆದರೆ ನಿಮ್ಮ ಕೈಯಲ್ಲಿರುವುದು ತಳಿಯೇ ಅಲ್ಲ. ಡಬಲ್ ಹೈಬ್ರಿಡ್ ಅಂದರೆ ಸಿಎಸ್‌ಆರ್6 ಮತ್ತು ಸಿಎಸ್‌ಆರ್26 ಕೂಡಿಸಿದ್ದು ಒಂದು ಕಡೆ, ಸಿಎಸ್‌ಆರ್2 ಮತ್ತು ಸಿಎಸ್‌ಆರ್27 ಕೂಡಿಸಿದ್ದು ಇನ್ನೊಂದು ಕಡೆ, ಅವೆರಡನ್ನೂ ಮತ್ತೆ ಕೂಡಿಸಿದ್ದು. ನಾಲ್ಕು ತಳಿಯ ರಕ್ತ. ಮಿಶ್ರಣದ ಕಸುವು ಇರುವುದು ನೀವು ಮೇಯಿಸುವ ಆ ಒಂದು ತಲೆಮಾರಿಗೆ. ಅದರ ಚಿಟ್ಟೆಯಿಂದ ಮೊಟ್ಟೆ ತೆಗೆದರೆ ಮುಂದಿನ ಹುಳು ಒಂದೊಂದೂ ಒಂದೊಂದು ಥರ. ಒಂದೇ ತಟ್ಟೆಯಲ್ಲಿ ಒಂದು ಜ್ವರಕ್ಕೆ ಕೂತಿರುತ್ತದೆ, ಪಕ್ಕದ್ದು ಇನ್ನೂ ಮೇಯುತ್ತಿರುತ್ತದೆ. ಸೊಪ್ಪು ಯಾವುದಕ್ಕೆ ಅಂತ ಹಾಕುತ್ತೀರಿ?

ಎರಡನೆಯದು, ಉಳಿದದ್ದೆಲ್ಲಾ ತಾಳುವ ಹುಳು ಅಂತ ಹೇಳಲು ಬರುವುದಿಲ್ಲ. ಸ್ಟ್ಯಾಂಡಿನ ಮೂಲೆಯಲ್ಲಿ ಇದ್ದದ್ದಕ್ಕೆ ಹಾಲು ರೋಗದ ವೈರಸ್ ತಡವಾಗಿ ಸೋಕಿರಬಹುದು. ಕಡೆಯ ಎರಡು ದಿನದಲ್ಲಿ ಸೋಕಿದ ಹುಳು ಹೇಗೋ ಗೂಡು ಕಟ್ಟಿಬಿಡುತ್ತದೆ, ಒಳಗೆ ಕೋಶದ (ಪ್ಯೂಪಾ) ಹಂತದಲ್ಲಿ ಸಾಯುತ್ತದೆ. ನಾಲ್ಕು ಗೂಡು ಕತ್ತರಿಸಿ ನೋಡಿ, ಕಪ್ಪಗೆ ಕೊಳೆತದ್ದು ಸಿಕ್ಕರೆ ಆಶ್ಚರ್ಯ ಇಲ್ಲ.

ಮೂರನೆಯದು ಗಂಟು ರೋಗ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಹೋಗುವ ರೋಗ ಅದು. ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ, ರೋಗದ ಕಣ ಕಂಡರೆ ಮೊಟ್ಟೆ ಸುಟ್ಟುಬಿಡುತ್ತೇವೆ. 1865ರಲ್ಲಿ ಪಾಶ್ಚರ್ ಫ್ರಾನ್ಸಿನ ಅಲೆಸ್ ಊರಿಗೆ ಹೋಗಿ ರೇಷ್ಮೆ ಹುಳುವಿನ ರೋಗದ ಮೇಲೆ ಕೂತರು, ಈ ಪದ್ಧತಿ ಬಂದದ್ದು ಆ ಕೆಲಸದಿಂದ. ಇವತ್ತಿಗೂ ಅದೇ. ನೀವು ಮನೆಯಲ್ಲಿ ಮೊಟ್ಟೆ ಮಾಡಿದರೆ ಇದನ್ನು ನೋಡುವವರು ಯಾರು? ಕಾನೂನೂ ಬಿಡುವುದಿಲ್ಲ. 1959ರ ನಮ್ಮ ರಾಜ್ಯದ ಬಿತ್ತನೆ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮೊಟ್ಟೆ ತಯಾರಿಸುವಂತಿಲ್ಲ.

ಇನ್ನು ತಾತನ ಕಾಲದ ಮೈಸೂರು ತಳಿ. ಅದು ವರ್ಷಪೂರ್ತಿ ಬೆಳೆಯುವ ನಾಡು ಹುಳು. ನಮ್ಮ ಬಿಸಿಲು, ನಮ್ಮ ಒಣ ಸೊಪ್ಪು, ನಮ್ಮ ಮನೆಗಳಿಗೆ ನೂರಾರು ವರ್ಷದಿಂದ ಹೊಂದಿಕೊಂಡಿದೆ. ಗಟ್ಟಿ, ನಿಜ. ಆದರೆ ಅದರ ಗೂಡಿನಿಂದ ಬರುವ ಎಳೆ ಸುಮಾರು 400 ಮೀಟರ್, ನಿಮ್ಮ ಬಿಳಿ ಗೂಡಿನಿಂದ 1,000 ಮೀಟರ್ ದಾಟುತ್ತದೆ. 100 ಗ್ರಾಂ ಗೂಡಿನಲ್ಲಿ ರೇಷ್ಮೆ ಚಿಪ್ಪು ಮೈಸೂರಿನಲ್ಲಿ 13-14 ಗ್ರಾಂ ಇದ್ದರೆ ಸಿಎಸ್‌ಆರ್ ತಳಿಗಳಲ್ಲಿ 22-23. ತಳಿ ಮಾಡಿದವರು ಆರಿಸುತ್ತಾ ಬಂದದ್ದು ಚಿಪ್ಪನ್ನು, ಎಳೆಯನ್ನು. ಎಷ್ಟೋ ತಲೆಮಾರು ರೇಷ್ಮೆ ಜಾಸ್ತಿ ಕೊಡುವುದನ್ನೇ ಆರಿಸಿದರೆ ಬೇರೆ ಗುಣ ಹಿಂದೆ ಬೀಳುತ್ತದೆ. ಮಾರುಕಟ್ಟೆ ಕೇಳಿದ್ದನ್ನು ಕೊಟ್ಟರು. ರಾಮನಗರದಲ್ಲಿ ಗೂಡು ಹರಾಜು ಹಾಕುವಾಗ ಇದು ಯಾವ ರೋಗ ತಾಳುತ್ತದೆ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಸೊಪ್ಪು_ಸೋಮಣ್ಣ:

ತಳಿ ಗಿಳಿ ಎಲ್ಲಾ ಆಮೇಲೆ. ಮೊದಲು ಮನೆ ತೊಳೆದಿದ್ರಾ? ನಮ್ಮ ಕಡೆ ಹಾಲು ರೋಗ ಬಂದ ಮನೆಗಳನ್ನು ನೋಡಿದ್ದೇನೆ, ಹತ್ತಕ್ಕೆ ಒಂಬತ್ತು ಮನೆಯಲ್ಲಿ ಹಿಂದಿನ ಬೆಳೆಯ ಕಸ ಸ್ಟ್ಯಾಂಡಿನ ಕಾಲಿನ ಸಂದಿಯಲ್ಲೇ ಇರುತ್ತದೆ. ಬ್ಲೀಚಿಂಗ್ ಹಾಕಿದ್ವಿ ಸರ್ ಅನ್ನುತ್ತಾರೆ. ಯಾವ ಬ್ಲೀಚಿಂಗ್? ಬಾಯಿ ಬಿಚ್ಚಿ ಮೂಲೆಗೆ ಇಟ್ಟ ಚೀಲ, ಮೂಗಿಗೆ ಘಾಟೇ ಹೊಡೆಯುವುದಿಲ್ಲ. ಅದರಲ್ಲಿ ಉಳಿದಿರುವುದು ಬರೀ ಸುಣ್ಣ.

10 ಲೀಟರ್ ನೀರಿಗೆ 200 ಗ್ರಾಂ ಹೊಸ ಬ್ಲೀಚಿಂಗ್, 30 ಗ್ರಾಂ ಅರಳಿದ ಸುಣ್ಣ. ಗೋಡೆ, ನೆಲ, ಸೂರು, ಸ್ಟ್ಯಾಂಡು, ಬಲೆ, ಚಂದ್ರಿಕೆ ಎಲ್ಲಾ ನೆನೆಯಬೇಕು. ಬೆಳೆ ಎತ್ತಿದ ಕೂಡಲೇ ಒಂದು ಸಲ, ಹೊಸ ಹುಳು ತರುವ ಮೊದಲು ಇನ್ನೊಂದು ಸಲ. ಇದು ಮಾಡದೆ ಯಾವ ತಳಿ ತಂದರೂ ಸುಮ್ನೆ ದುಡ್ಡು ದಂಡ. ವಿಜ್ಞಾನಿಗಳಿಗೆ ಪೇಪರ್ ಬರೆಯಲು ತಳಿ ಬೇಕು. ನಮಗೆ ಬೇಕಾದ್ದು ಪೊರಕೆ.

ಹುಳುಮನೆ_ಚಿಂತಾಮಣಿ:

ಸೋಮಣ್ಣ, ತೊಳೆದಿದ್ದೇವೆ. ಎರಡೂ ಸಲ. ನಿಮ್ಮ ಅಳತೆಯಲ್ಲೇ. ಪಕ್ಕದವರ ಮನೆ ಹಾಲು ರೋಗದ ಕಸ ದಾರಿ ಪಕ್ಕದ ತಿಪ್ಪೆಗೆ ಬಿತ್ತು, ಅದನ್ನು ಕೋಳಿ ಕೆದರುತ್ತಿತ್ತು, ಗಾಳಿ ಬೇರೆ. ನಾನು ನಮ್ಮ ಮನೆ ತೊಳೆಯಬಹುದು, ಊರು ತೊಳೆಯಲು ಆಗುತ್ತದಾ? ಅದಕ್ಕೇ ಹುಳುವಿನಲ್ಲೇ ಸ್ವಲ್ಪ ಶಕ್ತಿ ಇದ್ದರೆ ಅಂತ ಕೇಳಿದ್ದು.

ಕೋಠಿ ಸರ್, ನೀವು ಹೇಳಿದ್ದು ಅರ್ಥ ಆಯಿತು, ಗೂಡು ಮಾರಿಬಿಡುತ್ತೇನೆ. ಆದರೆ ನಾವು ಮಾಡುವ ಹಾಗಿಲ್ಲ ಅಂದರೆ ಮಾಡುವವರು ಯಾಕೆ ಮಾಡುತ್ತಿಲ್ಲ? ಆಗುವ ಕೆಲಸವೋ ಇಲ್ಲವೋ?

ಬರ್ಗೆನ್_ಕನ್ನಡಿಗ:

ಆಗುವ ಕೆಲಸ ಅಣ್ಣ. ನಾನು ನಾರ್ವೆಯಲ್ಲಿ ಮೀನಿನ ರೋಗಗಳ ಲ್ಯಾಬಿನಲ್ಲಿದ್ದೇನೆ. ಅಮ್ಮನ ಊರು ಶಿಡ್ಲಘಟ್ಟ, ಆದ್ದರಿಂದ ಹುಳು ವಾಸನೆ ಗೊತ್ತು. ಇಲ್ಲಿ ಸಾಲ್ಮನ್ ಮೀನಿನಲ್ಲಿ ನೀವು ಕೇಳುತ್ತಿರುವುದೇ ನಡೆದಿದೆ.

ಐಪಿಎನ್ ಅಂತ ಒಂದು ವೈರಸ್ ರೋಗ. ಮರಿ ಮೊದಲ ಸಲ ಮೇವು ತಿನ್ನುವಾಗ ಒಂದು ಸಲ, ಸಿಹಿನೀರಿನಿಂದ ಸಮುದ್ರಕ್ಕೆ ಬಿಟ್ಟ ಮೇಲೆ ಇನ್ನೊಂದು ಸಲ, ತೊಟ್ಟಿಗಟ್ಟಲೆ ಮೀನು ಸಾಯುತ್ತಿತ್ತು. ಲಸಿಕೆ ಇತ್ತು, ಸ್ವಚ್ಛತೆ ಇತ್ತು, ಆದರೂ ಹೋಗುತ್ತಿರಲಿಲ್ಲ. 2008-09ರ ಸುಮಾರಿಗೆ ಸ್ಕಾಟ್ಲೆಂಡಿನವರೂ ನಾರ್ವೆಯವರೂ ಬೇರೆ ಬೇರೆಯಾಗಿ ಒಂದೇ ಕಡೆ ಬಂದು ನಿಂತರು. ಕೆಲವು ಮೀನು ಸಾಯುತ್ತವೆ, ಕೆಲವು ಸಾಯುವುದಿಲ್ಲ, ಆ ವ್ಯತ್ಯಾಸದ ಬಹುಪಾಲು ಕಾರಣ ಒಂದೇ ಕ್ರೋಮೋಸೋಮಿನ ಒಂದೇ ಜಾಗದಲ್ಲಿತ್ತು. ಅಲ್ಲಿಂದ ಮುಂದೆ ಕೆಲಸ ಸಲೀಸು. ತಾಯಿ ತಂದೆ ಮೀನಿನ ರೆಕ್ಕೆಯ ಚೂರು ಕತ್ತರಿಸಿ ಡಿಎನ್ಎ ನೋಡುವುದು, ಒಳ್ಳೆಯ ಪ್ರತಿ ಇರುವುದನ್ನೇ ಮೊಟ್ಟೆಗೆ ಇಟ್ಟುಕೊಳ್ಳುವುದು. ಅಂಥ ಮೊಟ್ಟೆ ಮಾರಾಟಕ್ಕೆ ಬಂದ ಮೇಲೆ ನಾರ್ವೆಯಲ್ಲಿ 2009ರಲ್ಲಿ 200ಕ್ಕೂ ಹೆಚ್ಚು ಕಡೆ ಕಾಣಿಸಿಕೊಂಡಿದ್ದ ರೋಗ ಆರೇಳು ವರ್ಷದಲ್ಲಿ 50ಕ್ಕಿಂತ ಕೆಳಗೆ ಇಳಿಯಿತು.

ಆದರೆ ಎರಡು ಮಾತು ಸೇರಿಸಬೇಕು. ಒಂದು, ಇದು ಅದೃಷ್ಟದ ಕೇಸ್. ಒಂದೇ ಜಾಗದಲ್ಲಿ ಇಷ್ಟು ದೊಡ್ಡ ಪರಿಣಾಮ ಸಿಗುವುದು ಅಪರೂಪ. ಇದೇ ಸಾಲ್ಮನ್‌ಗೆ ಹತ್ತುವ ಸಮುದ್ರ ಹೇನಿನ ವಿಷಯದಲ್ಲಿ ಅಂಥ ಜಾಗ ಸಿಕ್ಕಿಲ್ಲ. ಅಲ್ಲಿ ನೂರಾರು ಜೀನ್, ಒಂದೊಂದರದ್ದೂ ಚೂರು ಚೂರು ಪಾಲು, ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗಬೇಕು. ಎರಡು, ವೈರಸ್ಸೂ ಸುಮ್ನೆ ಕೂರಲಿಲ್ಲ. ಕೆಲವು ವರ್ಷದ ನಂತರ ನಿರೋಧಕ ಮೀನಿನಲ್ಲೇ ಐಪಿಎನ್ ಕಾಣಿಸಿತು, ನೋಡಿದರೆ ಬದಲಾದ ವೈರಸ್. ಎಲ್ಲರೂ ಒಂದೇ ಜೀನ್ ಮೇಲೆ ಭಾರ ಹಾಕಿದರೆ ಇದು ಆಗುವಂಥದ್ದೇ.

ಕೋಠಿ ಸರ್ ಹತ್ತಿರ ಒಂದು ಕೇಳಬೇಕು. ಡಿಎನ್ಎ ಪರೀಕ್ಷೆ ಬರುವ ಮೊದಲು ನಮ್ಮಲ್ಲಿ ಒಂದೊಂದು ಕುಟುಂಬದ ಅರ್ಧ ಮರಿಗಳನ್ನು ವೈರಸ್ ಇರುವ ತೊಟ್ಟಿಗೆ ಬಿಟ್ಟು, ಅವು ಎಷ್ಟು ಸಾಯುತ್ತವೆ ಅಂತ ನೋಡಿ, ಉಳಿದ ಅರ್ಧದಿಂದ ತಳಿ ಎತ್ತುತ್ತಿದ್ದರು. ಹುಳುವಿನಲ್ಲೂ ಹಾಗೇನಾ?

ಕೋಠಿ_ಹಳಬ:

ಹೂಂ ಕಣಪ್ಪ, ಅದೇ ಪದ್ಧತಿ. ನಮಗೆ ಇನ್ನೂ ಸುಲಭ. ಒಂದು ಚಿಟ್ಟೆ ನಾನೂರು ಐನೂರು ಮೊಟ್ಟೆ ಇಡುತ್ತದೆ, ಎಲ್ಲಾ ಅಣ್ಣತಮ್ಮ ಅಕ್ಕತಂಗಿ. ಅದನ್ನು ಎರಡು ಭಾಗ ಮಾಡುವುದು. ಒಂದು ಭಾಗಕ್ಕೆ ಅಳೆದ ವೈರಸ್ ನೀರನ್ನು ಸೊಪ್ಪಿನ ಮೇಲೆ ಸವರಿ ಒಂದು ಹೊತ್ತು ತಿನ್ನಿಸುವುದು. ಇನ್ನೊಂದು ಭಾಗ ಬೇರೆ ಮನೆಯಲ್ಲಿ, ಬೇರೆ ಜನದ ಕೈಯಲ್ಲಿ, ಶುದ್ಧವಾಗಿ. ಕಾಯಿಲೆ ಹಾಕಿದ ಭಾಗದಲ್ಲಿ ಯಾವ ಚಿಟ್ಟೆಯ ಮಕ್ಕಳು ಜಾಸ್ತಿ ಉಳಿದವೋ ಅದರ ಶುದ್ಧ ಭಾಗದಿಂದ ಮುಂದಿನ ಮೊಟ್ಟೆ. ಗೌಡ್ರೇ, ಇದನ್ನು ಗಮನಿಸಿ. ನೀವು ಹೇಳಿದ ಹಾಗೆ ಉಳಿದ ಹುಳುವಿನಿಂದ ಅಲ್ಲ, ಅದರ ಕಾಯಿಲೆ ಸೋಕದ ಅಕ್ಕತಂಗಿಯರಿಂದ.

ಈಗ ಸೋಮಣ್ಣನ ಪೊರಕೆ ವಿಷಯ. ಅವರು ಹೇಳಿದ್ದರಲ್ಲಿ ಅರ್ಧ ಪೂರ್ತಿ ಸರಿ. ಇನ್ನರ್ಧಕ್ಕೆ ನನ್ನ ತಕರಾರಿದೆ. ರೋಗ ನಿರೋಧಕ ಅಂದ ತಕ್ಷಣ ರೈತರು ರೋಗ ಬರುವುದೇ ಇಲ್ಲ ಅಂದುಕೊಳ್ಳುತ್ತಾರೆ. ಹುಳುವಿನಲ್ಲಿ ಹಾಗಲ್ಲ. ಎಷ್ಟು ವೈರಸ್ ತಿಂದರೆ ಅರ್ಧ ಹುಳು ಸಾಯುತ್ತದೆ, ಅದು ಲೆಕ್ಕ. ನಾಜೂಕು ತಳಿಯಲ್ಲಿ ಸ್ವಲ್ಪಕ್ಕೇ ಸಾಯುತ್ತದೆ, ಗಟ್ಟಿ ತಳಿಯಲ್ಲಿ ಅದರ ಎಷ್ಟೋ ಪಟ್ಟು ಬೇಕು. ತಳಿ ತಳಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ಆದರೆ ಹಾಲು ರೋಗದಲ್ಲಿ ಸತ್ತ ಒಂದೇ ಹುಳುವಿನ ಮೈಯಲ್ಲಿ ವೈರಸ್ ತುಂಬಿದ ಹರಳು ಕೋಟಿಗಟ್ಟಲೆ ಇರುತ್ತದೆ. ಮನೆ ತುಂಬಾ ಅದೇ ಇದ್ದರೆ ಯಾವ ತಳಿಯೂ ನಿಲ್ಲುವುದಿಲ್ಲ. ಮನೆ ಶುದ್ಧ ಇದ್ದು, ನಿಮ್ಮ ಹಾಗೆ ಪಕ್ಕದ ತಿಪ್ಪೆಯಿಂದ ಅಷ್ಟೋ ಇಷ್ಟೋ ಗಾಳಿಗೆ ಬಂದಾಗ, ಆಗ ತಳಿ ಕೆಲಸಕ್ಕೆ ಬರುತ್ತದೆ. ಪೊರಕೆ ಹಿಡಿದ ಮನೆಯಲ್ಲೇ ಗಟ್ಟಿ ತಳಿಗೆ ಬೆಲೆ. ಸೋಮಣ್ಣ, ಪೊರಕೆ ಅಥವಾ ತಳಿ ಅಂತ ಎರಡರಲ್ಲಿ ಒಂದು ಆರಿಸುವ ವಿಷಯವೇ ಅಲ್ಲ ಇದು.

ಆ ಹರಳಿನ ಬಗ್ಗೆ ಒಂದು ಮಾತು. ವೈರಸ್ ಪ್ರೋಟೀನ್ ಹರಳಿನೊಳಗೆ ಬಂದೋಬಸ್ತಾಗಿ ಕೂತಿರುತ್ತದೆ, ಧೂಳಿನಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಹುಳುವಿನ ಕರುಳಿನ ರಸ ಸುಣ್ಣದ ಹಾಗೆ ಕ್ಷಾರ. ಅಲ್ಲಿಗೆ ಹೋದರೆ ಹರಳು ಕರಗಿ ವೈರಸ್ ಹೊರಗೆ ಬರುತ್ತದೆ. ಬ್ಲೀಚಿಂಗ್ ಜೊತೆ ಸುಣ್ಣ ಸೇರಿಸುವುದೂ ಅದಕ್ಕೇ, ಸುಣ್ಣ ಹರಳನ್ನು ಕರಗಿಸುತ್ತದೆ, ಕ್ಲೋರಿನ್ ಒಳಗಿನದನ್ನು ಕೊಲ್ಲುತ್ತದೆ.

ಮೈಸೂರು_ಲ್ಯಾಬ್_ಹುಡುಗಿ:

ನಾನು ರೇಷ್ಮೆ ಹುಳುವಿನ ಜೀನ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಆಸೆ ತಡೆಯಲಾಗದೆ ಬರೆಯುತ್ತಿದ್ದೇನೆ. ಉದ್ದ ಆದರೆ ಕ್ಷಮಿಸಿ.

ಸಾಲ್ಮನ್ ಥರದ ಒಂದೇ ಜೀನಿನ ಕಥೆ ನಮ್ಮ ಹುಳುವಿನಲ್ಲೂ ಇದೆ, ಆದರೆ ಹಾಲು ರೋಗದಲ್ಲಿ ಅಲ್ಲ, ಸಪ್ಪೆ ರೋಗ ತರುವ ವೈರಸ್‌ಗಳಲ್ಲಿ ಒಂದಾದ ಡೆನ್ಸೋವೈರಸ್‌ನಲ್ಲಿ. ಕೆಲವು ತಳಿಗಳಿಗೆ ಅದು ತಗುಲುವುದೇ ಇಲ್ಲ. ಎಷ್ಟು ವೈರಸ್ ತಿನ್ನಿಸಿದರೂ ಏನೂ ಆಗುವುದಿಲ್ಲ. ಜಪಾನಿನವರು 2008ರಲ್ಲಿ ಕಾರಣ ಹಿಡಿದರು. ಎನ್‌ಎಸ್‌ಡಿ-2 ಅನ್ನುವ ಜೀನ್. ಕರುಳಿನ ಜೀವಕೋಶದ ಮೇಲೆ ಅಮೈನೋ ಆಮ್ಲ ಸಾಗಿಸುವ ಒಂದು ಪ್ರೋಟೀನ್ ಇರುತ್ತದೆ. ನಿರೋಧಕ ತಳಿಯಲ್ಲಿ ಆ ಜೀನಿನ ದೊಡ್ಡ ತುಂಡೇ ಹಾರಿಹೋಗಿದೆ. ಚಿಲಕ ಇಲ್ಲದ ಬಾಗಿಲಿಗೆ ಕೀಲಿ ಹಾಕಲು ಬಂದ ಹಾಗೆ ವೈರಸ್ ಹೊರಗೇ ನಿಲ್ಲುತ್ತದೆ. ವಿಚಿತ್ರ ಏನೆಂದರೆ ಆ ಪ್ರೋಟೀನ್ ಇಲ್ಲದಿದ್ದರೂ ಹುಳು ಆರಾಮಾಗಿ ಬೆಳೆಯುತ್ತದೆ.

ಕೇಳಲು ಚೆಂದ. ಹೈಬ್ರಿಡ್ ಮಾಡುವವರಿಗೆ ಮಾತ್ರ ತಲೆನೋವು. ಈ ಗುಣ ಕಾಣಿಸಬೇಕಾದರೆ ತಾಯಿಯಿಂದಲೂ ತಂದೆಯಿಂದಲೂ ಅದೇ ಪ್ರತಿ ಬರಬೇಕು, ಒಂದು ಕಡೆಯಿಂದ ಮಾತ್ರ ಬಂದರೆ ಹುಳುವಿಗೆ ರೋಗ ತಗುಲುತ್ತದೆ. ನೀವು ಮೇಯಿಸುವುದು ನಾಲ್ಕು ತಳಿ ಕೂಡಿದ್ದು. ಅಂದರೆ ನಾಲ್ಕಕ್ಕೂ ಅದನ್ನು ಸೇರಿಸಬೇಕು, ಆಮೇಲೆ ನಾಲ್ಕರಲ್ಲೂ ಚಿಪ್ಪು, ಎಳೆ, ಮೊಟ್ಟೆ ಎಣಿಕೆ ಯಾವುದೂ ಇಳಿಯದ ಹಾಗೆ ಮತ್ತೆ ಮೂಲ ತಳಿಗೇ ತಲೆಮಾರುಗಟ್ಟಲೆ ಕೂಡಿಸುತ್ತಾ ಬರಬೇಕು.

ಹಾಲು ರೋಗದಲ್ಲಿ ಅಷ್ಟು ಸ್ಪಷ್ಟವಾದ ಜೀನ್ ಇಲ್ಲ. ಆದರೂ ಚೀನಾದವರು ಬಿಡಲಿಲ್ಲ. ತಾಳುವ ಹಳೆಯ ತಳಿಯನ್ನು ಒಳ್ಳೆಯ ರೇಷ್ಮೆ ಕೊಡುವ ತಳಿಗೆ ಕೂಡಿಸಿ, ಪ್ರತಿ ತಲೆಮಾರಲ್ಲೂ ವೈರಸ್ ತಿನ್ನಿಸಿ ಆರಿಸಿ, ಹುವಾಕಾಂಗ್ ಅನ್ನುವ ಹೆಸರಿನ ಹೈಬ್ರಿಡ್‌ಗಳನ್ನು ರೈತರಿಗೇ ಕೊಟ್ಟಿದ್ದಾರೆ. ಆದ್ದರಿಂದ ಆಗುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಹೌದು.

ನಮ್ಮಲ್ಲಿ ಇನ್ನೊಂದು ದಾರಿಯೂ ನೋಡಿದ್ದಾರೆ. ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯವರು ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಕೆಲಸ ಅದು. ವೈರಸ್ಸಿನ ನಾಲ್ಕು ಮುಖ್ಯ ಜೀನ್‌ಗಳ ಬಾಯಿ ಮುಚ್ಚಿಸುವ ತುಣುಕನ್ನು ಹುಳುವಿನ ಡಿಎನ್ಎಗೇ ಸೇರಿಸಿದ್ದರು, ಹುಳು ಚೆನ್ನಾಗಿ ತಾಳಿತು. ಆದರೆ ಅದು ಕುಲಾಂತರಿ. ಬಿಟಿ ಬದನೆಕಾಯಿಗೆ ಆದ ಗಲಾಟೆ ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಹುಳು ನಾವು ತಿನ್ನುವ ಬೆಳೆ ಅಲ್ಲ, ಚಿಟ್ಟೆಗೆ ಹಾರಿ ಹೋಗಲೂ ಬರುವುದಿಲ್ಲ, ಮನುಷ್ಯ ಸಾಕದಿದ್ದರೆ ಬದುಕುವುದೂ ಇಲ್ಲ, ಆದ್ದರಿಂದ ಇಲ್ಲಿ ಭಯ ಸ್ವಲ್ಪ ಜಾಸ್ತಿಯೇ ಆಯಿತು. ಒಪ್ಪದವರು ಇರುತ್ತಾರೆ, ಗೊತ್ತು.

ಶಿರಾ_ಕುರಿ:

ನಿಮ್ಮ ಹುಳು ಮಾತಿನ ಮಧ್ಯೆ ಕುರಿಯವನು ಬಂದೆ. ಒಂದು ವಿಷಯದಲ್ಲಿ ನಾವು ಪುಣ್ಯವಂತರು ಅನ್ನಿಸಿತು, ನಮಗೆ ಯಾವ ಕೋಠಿಯೂ ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆ ಜಂತು ಹೆಚ್ಚಾಗಿ ಗದ್ದದ ಕೆಳಗೆ ನೀರು ತುಂಬಿಕೊಳ್ಳುತ್ತದೆ, ಕಣ್ಣು ರೆಪ್ಪೆ ಬಿಡಿಸಿ ನೋಡಿದರೆ ಬಿಳಿಚು. ಅದೇ ಹಿಂಡಿನಲ್ಲಿ ಕೆಲವು ಕುರಿಗೆ ಔಷಧಿ ಹಾಕದಿದ್ದರೂ ರೆಪ್ಪೆ ಕೆಂಪಗೇ ಇರುತ್ತದೆ. ನಾವು ಅಂಥ ತಾಯಿಯ ಗಂಡು ಮರಿಯನ್ನೇ ಟಗರಿಗೆ ಬಿಡುತ್ತೇವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಹಿಕ್ಕೆಯಲ್ಲಿ ಜಂತಿನ ಮೊಟ್ಟೆ ಎಣಿಸಿ ಟಗರು ಆರಿಸುತ್ತಾರಂತೆ, ಪಶು ವೈದ್ಯರು ಹೇಳಿದರು. ಕೀನ್ಯಾದ ಕೆಂಪು ಮಸಾಯಿ ಕುರಿ, ಸುಂದರಬನದ ಗ್ಯಾರೋಲ್ ಕುರಿ ಜಂತು ಚೆನ್ನಾಗಿ ತಾಳುತ್ತವೆ ಅಂತಲೂ ಹೇಳಿದರು. ಜೌಗಿನಲ್ಲಿ ನಿಂತು ಮೇಯುವ ಗ್ಯಾರೋಲ್‌ಗೆ ತಾಳದೆ ಬೇರೆ ದಾರಿ ಎಲ್ಲಿದೆ.

ಕೋಠಿ ಸರ್, ನನಗೊಂದು ಅನುಮಾನ. ತಾಳುವುದು ಬೇರೆ, ರೋಗವೇ ಹತ್ತದಿರುವುದು ಬೇರೆ ಅಲ್ವಾ? ಜಂತು ಹೊಟ್ಟೆಯಲ್ಲಿ ಇಟ್ಟುಕೊಂಡೇ ಚೆನ್ನಾಗಿರುವ ಕುರಿ ಹಿಕ್ಕೆ ಹಾಕಿ ಮಿಕ್ಕವಕ್ಕೆ ಹಂಚುತ್ತಲೇ ಇರುತ್ತದೆ.

ಕೋಠಿ_ಹಳಬ:

ನೀವು ಸರಿಯಾದ ಜಾಗಕ್ಕೇ ಬಂದಿರಿ. ಹಾಲು ರೋಗದಲ್ಲಿ ತಾಳುವ ತಳಿ ಬಂದರೆ ನಾನೇ ಮೊದಲು ಸಿಹಿ ಹಂಚುತ್ತೇನೆ. ಗಂಟು ರೋಗದಲ್ಲಿ ಮಾತ್ರ ತಾಳುವ ತಳಿ ಬೇಡವೇ ಬೇಡ. ಯಾಕೆ ಅಂದರೆ, ಗಂಟು ರೋಗ ಇಟ್ಟುಕೊಂಡೇ ಚೆನ್ನಾಗಿ ಮೇದು, ಒಳ್ಳೆ ಗೂಡು ಕಟ್ಟಿ, ದಪ್ಪ ಚಿಟ್ಟೆಯಾಗಿ, ನಾನೂರು ಮೊಟ್ಟೆ ಇಡುವ ಹುಳುವನ್ನು ಊಹಿಸಿ. ರೋಗ ಮೊಟ್ಟೆಯೊಳಗೇ ಕೂತು ಊರೂರಿಗೆ ಹೋಗುತ್ತದೆ. ಕೋಠಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಗಂಟು ರೋಗಕ್ಕೆ ಬೇಗ ಸಾಯುವ ನಾಜೂಕು ಹುಳುವೇ ವಾಸಿ, ಕಣ್ಣಿಗೆ ಬೀಳುತ್ತದೆ, ಸುಡಬಹುದು. ಒಂದೊಂದು ರೋಗಕ್ಕೆ ಒಂದೊಂದು ಲೆಕ್ಕ. ಎಲ್ಲಾ ರೋಗಕ್ಕೂ ಗಟ್ಟಿ ತಳಿ ಅಂತ ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ.

ನಿಮ್ಮ ಟಗರಿನ ಮಾತು ಮಾತ್ರ ಹೊಟ್ಟೆಕಿಚ್ಚು ತರಿಸಿತು. ಹುಳು ರೈತನಿಗೆ ಆ ಸ್ವಾತಂತ್ರ್ಯ ಇಲ್ಲ. ಆರಿಸುವ ಕೆಲಸವೆಲ್ಲಾ ಮೂಲ ತಳಿ ಇಟ್ಟುಕೊಂಡವರ ಕೈಯಲ್ಲಿ. ಆದ್ದರಿಂದ ರೈತರು ಗಲಾಟೆ ಮಾಡಬೇಕಾದ್ದೂ ಅಲ್ಲೇ. ಹೊಸ ಹೈಬ್ರಿಡ್ ಬಿಡುವಾಗ ಎಳೆ ಉದ್ದ ಎಷ್ಟು, ಚಿಪ್ಪು ಎಷ್ಟು ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ವೈರಸ್ ತಿನ್ನಿಸಿದಾಗ ಎಷ್ಟು ಉಳಿಯಿತು ಅನ್ನುವ ಅಂಕಿಯನ್ನೂ ಪಕ್ಕದಲ್ಲೇ ಹಾಕಿ ಅಂತ ರೈತ ಸಭೆಗಳಲ್ಲಿ ಕೇಳಿ. ಕೇಳುವವರೇ ಇಲ್ಲದಿದ್ದರೆ ಅವರಾದರೂ ಯಾಕೆ ಕೊಡುತ್ತಾರೆ?

ಹುಳುಮನೆ_ಚಿಂತಾಮಣಿ:

ಇಷ್ಟು ವಿವರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಗೂಡು ನಾಲ್ಕು ಕತ್ತರಿಸಿ ನೋಡಿದೆ, ಎರಡರಲ್ಲಿ ಕೋಶ ಕಪ್ಪಗಾಗಿದೆ. ನಾಳೆ ಮಾರುಕಟ್ಟೆಗೆ.

ಮುಂದಿನ ವರ್ಷ ಮಾರ್ಚ್‌ನಿಂದ ಮೇ ತನಕ ಏನು ಮಾಡಲಿ ಹೇಳಿ. ಗಟ್ಟಿ ತಳಿ ಬರುವ ತನಕ ಕಾಯಲು ಆಗುವುದಿಲ್ಲವಲ್ಲ.

ಕೋಠಿ_ಹಳಬ:

ಬೇಸಿಗೆಗೆ ಮಿಶ್ರತಳಿ ತೆಗೆದುಕೊಳ್ಳಿ, ಮೈಸೂರು ತಾಯಿ, ಸಿಎಸ್‌ಆರ್2 ತಂದೆ. ಹಳದಿ ಗೂಡು, ರೇಟು ಬಿಳಿ ಗೂಡಿನಷ್ಟು ಸಿಗುವುದಿಲ್ಲ, ಆದರೆ ಅರ್ಧ ನಿಮ್ಮ ತಾತನ ಹುಳುವೇ ಅದು. ದೊಡ್ಡ ಹುಳುವಿಗೆ 24-25 ಡಿಗ್ರಿ ಬೇಕು, ನಿಮ್ಮ ಮನೆ ಏಪ್ರಿಲ್‌ನಲ್ಲಿ 30 ದಾಟುತ್ತಿದ್ದರೆ ಡಬಲ್ ಹೈಬ್ರಿಡ್ ಜೂಜು. ಶಾಖ ಏರಿದಷ್ಟೂ ಹಾಲು ರೋಗ ಬೇಗ ಹಬ್ಬುತ್ತದೆ. ಮಳೆ ಶುರುವಾದ ಮೇಲೆ ಮತ್ತೆ ಬಿಳಿ ಗೂಡಿಗೆ ಬನ್ನಿ.

ಅಂಚಿಗೆ ಬಂದ ಹುಳುವನ್ನು ಕೈಯಲ್ಲಿ ಹಿಸುಕಬೇಡಿ, ಕಡ್ಡಿಯಲ್ಲಿ ಎತ್ತಿ ಬ್ಲೀಚಿಂಗ್ ಸುಣ್ಣದ ನೀರಿರುವ ಡಬ್ಬಕ್ಕೆ ಹಾಕಿ, ಆಮೇಲೆ ಗುಂಡಿ ತೆಗೆದು ಮುಚ್ಚಿ. ಚಾಕಿ ತರುವಾಗ ಮೊಟ್ಟೆಯ ಲಾಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಅದೇ ಲಾಟ್ ತಂದ ಬೇರೆ ಮನೆಗಳಲ್ಲೂ ಹೋಗಿದ್ದರೆ ಚಾಕಿ ಮನೆಯಿಂದಲೇ ಬಂದಿದೆ ಅನ್ನುವ ಅನುಮಾನ ಬಲವಾಗುತ್ತದೆ, ನಿಮ್ಮಲ್ಲಿ ಮಾತ್ರ ಹೋಗಿದ್ದರೆ ಮನೆ ಮತ್ತು ತಿಪ್ಪೆ ಕಡೆ ನೋಡಬೇಕು.

ಸೊಪ್ಪು_ಸೋಮಣ್ಣ:

ಗೌಡ್ರೇ, ತೊಳೆದಿದ್ದೇವೆ ಅಂದಿರಲ್ಲ, ಸರಿ ಬಿಡಿ. ಆ ಪಕ್ಕದ ಮನೆಯವರನ್ನೂ ಒಂದು ದಿನ ಕರೆದು ಕೂರಿಸಿ ಮಾತಾಡಿ. ಇಬ್ಬರೂ ಒಂದೇ ದಿನ ತೊಳೆದು ಒಂದೇ ದಿನ ಚಾಕಿ ತಂದರೆ ತಿಪ್ಪೆ ತೊಂದರೆ ಅರ್ಧ ಕಡಿಮೆ. ನಮ್ಮ ಊರಲ್ಲಿ ಎಂಟು ಮನೆ ಹಾಗೆ ಮಾಡುತ್ತೇವೆ. ಬ್ಲೀಚಿಂಗ್ ಒಟ್ಟಿಗೆ ತಂದರೆ ಹೊಸ ಚೀಲವೂ ಸಿಗುತ್ತದೆ, ರೇಟೂ ಕಡಿಮೆ.